ಮೊಳೆಯಿಲ್ಲದ ಕುರ್ಚಿ

ಕೆನಡಾದ ಪೋರ್ಟ್ ಕ್ರೆಡಿಟ್‌ನಲ್ಲಿ ಸಾಮಾನೆಲ್ಲ ಮಾರಿ ಮನೆ ಖಾಲಿ ಮಾಡುತ್ತಿದ್ದ ಚೀನೀ ಅಜ್ಜಿಯ ದುಂಡುತೋಳಿನ ಕುರ್ಚಿಯನ್ನು ಕಂಡ ಕೂಡಲೇ ಕೊಂಡುಬಿಟ್ಟೆ. ಕೆಂಪು ಗಟ್ಟಿಮರ, ಕನ್ನಡಿಯಂಥ ನುಣುಪು! ಆದರೆ ನಮ್ಮ ಸಣ್ಣ ಕಾರಿನ ಬಾಗಿಲಲ್ಲಿ ಅದು ತೂರಲೇ ಇಲ್ಲ. ನಾವು ಬಿಟ್ಟರೆ ತಾನು ಒಯ್ಯಬೇಕೆಂದು ಪಿಕಪ್ ತಂದಿದ್ದ ಒಬ್ಬಾತ ಹಿಂದೆಯೇ ನಿಂತಿದ್ದ.

“ತಡೀ, ತೋಳು ಬಿಚ್ಚತೀನಿ,” ಎಂದು ನನ್ನ ಗಂಡ ಉದಯಕುಮಾರ ಸ್ಕ್ರೂಡ್ರೈವರ್ ಹಿಡಿದು ಸುತ್ತೆಲ್ಲ ಹುಡುಕಿದರು. “ಒಂದ್ ಸ್ಕ್ರೂನೂ ಇಲ್ಲಲೇ! ಒಂದ್ ಮೊಳೀನೂ ಇಲ್ಲ!”

ನನಗೆ ತವರಿನ ಕಲಘಟಗಿ ತೊಟ್ಟಿಲು ನೆನಪಾಯಿತು. ಕೂಸು ದೊಡ್ಡದಾದ ಮೇಲೆ ಅವ್ವ ಮರದ ಬೆಣೆ ತೆಗೆದು ಅದನ್ನು ಬಿಚ್ಚಿಡುತ್ತಿದ್ದಳು. ಕುರ್ಚಿಯ ತೋಳು ಕೂಡುವಲ್ಲಿ ಬೆರಳಾಡಿಸಿದೆ. ಅಲ್ಲೂ ಬೆಣೆ! ಎರಡೂ ಕಡೆ!

“ರೀ, ಸ್ಕ್ರೂಡ್ರೈವರ್ ಕಿಸೇದಾಗ ಇಟ್ಕೋರಿ. ಅಲ್ಲಿ ಮಾರಾಕ ಇಟ್ಟಿರೋ ಅಜ್ಜಿಯ ಲಟ್ಟಣಿಗಿ ಕೊಡ್ರಿ ಇಲ್ಲಿ.”

ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ತಟ್ಟಿದೆ. ಬೆಣೆಗಳು ಜಾರಿದವು, ದುಂಡುತೋಳು ಬಳೆಯಂತೆ ಕೈಗೆ ಬಂತು. ಅಜ್ಜಿ ಚಪ್ಪಾಳೆ ತಟ್ಟಿ ನಕ್ಕರು. ಕುರ್ಚಿ ಹಿಂದಿನ ಸೀಟಿಗೆ ಹೋಯಿತು, ತೋಳು ನನ್ನ ತೊಡೆಯ ಮೇಲೆ ಕೂತಿತು. ಪಿಕಪ್ಪಿನವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

“ಬೆಣಿ ಎಲ್ಲವ?” ಎಂದರು ಇವರು.

“ನನ್ನ ಮುಷ್ಟಿಯಾಗ ಅದಾವ. ಬ್ರ್ಯಾಂಪ್ಟನ್‌ನಾಗ ನಮ್ಮ ಮನಿ ಮುಟ್ಟೂ ತನಕ ಮುಷ್ಟಿ ಬಿಚ್ಚಂಗಿಲ್ಲ. ಗಾಡಿ ಹೊಡೀರಿ!”