ಬೇಳೆಯಿಲ್ಲದ ತಿಂಗಳು

ಕಾಶೀಬಾಯಿಯ ಮಾತಿಗೆ ಎದುರಾಡುವವರು ಮಕ್ತಲದಲ್ಲಿ ಯಾರಿದ್ದರು, ಹೇಳಿ! ಗುಡಿಯ ಅರ್ಚಕರ ಮನೆಯ ಹಿರಿಯ ಹೆಂಗಸು, ಗಂಡ ಹೋಗಿ ಇಪ್ಪತ್ತು ವರ್ಷ, ಕೆಂಪು ಸೀರೆಯ ಸೆರಗು ತಲೆಯಿಂದ ಒಂದು ಬೆರಳು ಜಾರಿದ್ದನ್ನು ಯಾರೂ ಕಂಡವರಿಲ್ಲ. ಚಾತುರ್ಮಾಸದ ಕೊನೆಯ ತಿಂಗಳು ದ್ವಿದಳ ವ್ರತ ಹಿಡಿದಳೆಂದರೆ ಆ ಮನೆಯಲ್ಲಿ ತೊಗರಿ, ಹೆಸರು, ಕಡಲೆ, ಎರಡು ಹೋಳಾಗುವ ಯಾವ ಕಾಳೂ ಹೊಸಿಲು ದಾಟುವಂತಿಲ್ಲ. ಮಕ್ಕಳಿಗೆ ಮಾಫಿ ಉಂಟೇ ಎಂದು ಒಮ್ಮೆ ಯಾರೋ ಕೇಳಿ ಬೈಸಿಕೊಂಡಿದ್ದರು. ಮಕ್ಕಳ ನಾಲಗೆಯೇನು ಬೇರೆಯೇ ಎಂಬುದು ಆಕೆಯ ವಾದ.

ಆ ವರ್ಷ ಪೊಲೀಸ್ ಆಕ್ಷನ್ ಮುಗಿದು ತಿಂಗಳ ಮೇಲಾಗಿತ್ತು. ತಹಶೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಆಕೆಯ ಮಗ ಗುರುರಾಜನನ್ನು ದಫ್ತರಗಳ ಸಮೇತ ಮಹಬೂಬನಗರಕ್ಕೆ ಕರೆಸಿಕೊಂಡಿದ್ದರು. ಅವನ ಹೆಂಡತಿ ಪದ್ಮಾಬಾಯಿ ಹಿಂದಿನ ಬೇಸಿಗೆಯಲ್ಲೇ ಜ್ವರದಲ್ಲಿ ತೀರಿಕೊಂಡಿದ್ದಳು. ಉಳಿದದ್ದು ನಾಲ್ಕು ವರ್ಷದ ವಾರಿಜಾ ಒಬ್ಬಳೇ. ಹೋಗುವಾಗ ಗುರುರಾಜ ತಾಯಿಯ ಕಾಲಿಗೆ ಬಿದ್ದು, “ಅವ್ವಾ, ಕೂಸು ನಿನ್ನ ಕೈಯಾಗ ಅದ” ಎಂದಿದ್ದ.

ಆ ಕೂಸಿಗೆ ದೀಪಾವಳಿಯ ಹತ್ತಿರ ಮೂಗು ಸೋರತೊಡಗಿತು. ನೆಗಡಿ ತಾನೆ, ಎಂದು ಕಾಶೀಬಾಯಿ ದಿನಕ್ಕೆ ಮೂರು ಹೊತ್ತು ತುಳಸಿಯ ರಸ ಬೆಚ್ಚಗೆ ಮಾಡಿ ಹೊಳ್ಳೆಗೆ ಬಿಟ್ಟಳು. ನೆಗಡಿ ಹೋಗುವುದಿರಲಿ, ಐದನೆಯ ದಿನ ಕೂಸಿನ ಹತ್ತಿರ ಕೂತರೆ ಕೊಳೆತ ವಾಸನೆ. ಎಡಗಡೆಯ ಕೆನ್ನೆ ಕೆಂಪೇರಿ, ಬಾಯಲ್ಲೇ ಉಸಿರಾಡುತ್ತ, ಅನ್ನದ ತುತ್ತು ಕಂಡರೆ ಮುಖ ತಿರುಗಿಸುತ್ತಿತ್ತು. ಕಾಶೀಬಾಯಿ ಕೂಸನ್ನು ಬಗಲಿಗೇರಿಸಿಕೊಂಡು ದವಾಖಾನೆಗೆ ನಡೆದಳು. ಹಿತ್ತಿಲ ಓಣಿಯ ಕುರುಬರ ಪೆಂಟಮ್ಮ ಅದನ್ನು ಕಂಡು, ಹಾಲಿನ ಚೆಂಬು ಅಲ್ಲೇ ಇಟ್ಟು, ಹಿಂದೆಯೇ ಓಡಿದಳು.

ಡಾಕ್ಟರ್ ಸಾಹೇಬರು ಗದ್ವಾಲಕ್ಕೆ ಹೋಗಿ ಎಂಟು ದಿನವಾಗಿತ್ತು. ನಾರಾಯಣಪೇಟೆಗೆ ಹೋಗೋಣವೆಂದರೆ ಬಸ್ಸುಗಳೆಲ್ಲ ಮಿಲಿಟರಿಯವರ ಕೆಲಸಕ್ಕೆ. ಎತ್ತಿನ ಗಾಡಿಯಲ್ಲಿ ಇಡೀ ದಿನದ ದಾರಿ. ದವಾಖಾನೆಯಲ್ಲಿದ್ದವನು ಕಂಪೌಂಡರ್ ಎಂಕಪ್ಪ, ಫೌಜಿನ ಆಸ್ಪತ್ರೆಯಲ್ಲಿ ಹತ್ತು ವರ್ಷ ಪಳಗಿದ ಮನುಷ್ಯ. ಕೂಸನ್ನು ಬೆಳಕಿಗೆ ಕೂರಿಸಿ, ಮುಟ್ಟದೆ ನೋಡಿದ.

“ಎರಡೂ ಕಡಿ ಸೋರತೈತೇನ್ರಿ?”

“ಇಲ್ಲ, ಎಡಕ್ಕೊಂದೇ.”

“ಹಂಗಾರ ನೆಗಡಿ ಅಲ್ರಿ ಅವ್ವಾರ. ಒಂದೇ ಕಡಿ ಸೋರಿ ನಾರತೈತಿ ಅಂದ್ರ ಕೂಸು ಒಳಗ ಏನೋ ತುರುಕ್ಯಂಡೈತಿ. ಕಾಳು ಇರಬೇಕು.”

ಅಷ್ಟೇ ಸಾಕಾಯಿತು! ಕಾಶೀಬಾಯಿ ಎದ್ದು ನಿಂತಳು. “ಕಾಳಂತ, ಕಾಳು! ನಮ್ಮ ಮನ್ಯಾಗ ಹದಿನೈದು ದಿನದಿಂದ ಒಂದು ಬೇಳಿ ಇಲ್ಲೋ! ಯಾರ ಮನಿ ಅಂತ ತಿಳಕೊಂಡೀ?”

“ನಿಮ್ಮ ವ್ರತಾ ಮೂಗಿಗೆ ಗೊತ್ತಿಲ್ರಿ” ಎಂದ ಎಂಕಪ್ಪ, ದನಿಯನ್ನು ಏರಿಸದೆ. “ಏನು ಬಿಟ್ಟೀರಿ ಮೂಗಿಗೆ?”

“ತುಳಸಿ ರಸ.”

“ಅಯ್ಯ, ಅದನ್ನ ಕುಡದು ಉಬ್ಬೈತ್ರಿ. ಇನ್ನ ಒಂದು ಹನಿ ಹಾಕಬ್ಯಾಡ್ರಿ. ಕೂಸು ಹೌಹಾರಿ ಒಳಗ ಎಳಕೊಂಡು ಉಸಿರಿನ ದಾರಿಗೆ ಬಿದ್ರ, ಸಾಹೇಬ್ರು ಇದ್ರೂ ಕೈ ಮೀರತೈತಿ.”

ಕಾಶೀಬಾಯಿ ಕೂಸನ್ನು ಎದೆಗವಚಿಕೊಂಡಳು. ಆದರೂ ಬಾಯಿ ಸೋಲಲಿಲ್ಲ; ಕಾಳೆಲ್ಲಿಂದ ಬಂತು, ಆಕಾಶದಿಂದ ಉದುರಿತೇ ಎಂದು ಮತ್ತೆ ಶುರು ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಪೆಂಟಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

“ನಾನಽ ಕೊಟ್ಟೀನ್ರೀ ಅವ್ವಾ. ಹೋದ ವಾರ ನಾ ಕಡ್ಲಿ ಹುರಿಯೋ ಹೊತ್ತಿಗೆ ಕೂಸು ಬಂದು ಸುಮ್ನ ನಿಂತಿತ್ತು. ಕೇಳಲಿಲ್ಲ, ಬೇಡಲಿಲ್ಲ. ಮಾರಿ ನೋಡಿ ಕರಳು ಚುರ್ ಅಂತು, ಒಂದು ಹಿಡಿ ಕೊಟ್ಟೆ. ನೀವು ಕೂಗಿದ್ರಿ, ಓಡಿ ಹೋತು.”

ಬೇರೆ ದಿನವಾಗಿದ್ದರೆ ಪೆಂಟಮ್ಮನ ಗತಿ ಏನಾಗುತ್ತಿತ್ತೋ! ಕಾಶೀಬಾಯಿ ಆಕೆಯತ್ತ ನೋಡಲೂ ಇಲ್ಲ. “ಚಿಮಟಾ ತೊಗೊಂಡು ತೆಗಿಯೋ ಮೊದಲ” ಎಂದಳು ಎಂಕಪ್ಪನಿಗೆ.

“ದುಂಡನ ಕಾಳಿಗೆ ಚಿಮಟಾ ಬರಂಗಿಲ್ರಿ, ಜಾರಿ ಇನ್ನೂ ಒಳಗ ಹೋಕ್ಕೈತಿ. ಬ್ಯಾರೆ ಹಾದಿ ಐತಿ. ಹೆತ್ತಾಕಿ ಮಾಡೋದು.” ಆ ಮಾತು ಬಾಯಿಂದ ಬಿದ್ದ ಮೇಲೆ ಎಂಕಪ್ಪ ನಾಲಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ ವಿವರಿಸಿದ. ಕಾಳಿಲ್ಲದ ಹೊಳ್ಳೆಯನ್ನು ಬೆರಳಿಂದ ಮುಚ್ಚಬೇಕು. ಕೂಸಿನ ಬಾಯಿಗೆ ಬಾಯಿ ಇಟ್ಟು, ಗಾಳಿ ಸೋರದಂತೆ ಹೊಂದಿಸಿ, ಒಮ್ಮೆಲೇ ಚಿಕ್ಕದಾಗಿ ಊದಬೇಕು. ಆ ಗಾಳಿ ಹಿಂದಿನಿಂದ ಬಂದು ಕಾಳನ್ನು ಮುಂದಕ್ಕೆ ನೂಕುತ್ತದೆ. ಕೂಸು ಅಳಬಾರದು, ಅದಕ್ಕೇ ನಂಬಿದವರು ಬೇಕು.

ಬಾಯಿಗೆ ಬಾಯಿ! ಎಂಜಲೆಂದರೆ ಮಾರು ದೂರ ಸರಿಯುವಾಕೆ, ಮಡಿಯಲ್ಲಿದ್ದಾಗ ಮೊಮ್ಮಗಳ ಗಾಳಿ ಸೋಂಕಿದರೂ ಮತ್ತೆ ಸ್ನಾನಕ್ಕಿಳಿಯುವಾಕೆ. ಪೆಂಟಮ್ಮ, “ನಾ ಊದ್ಲೇನ್ರಿ?” ಎಂದು ಮುಂದೆ ಬಂದಳು. ಕೂಸು ಅಜ್ಜಿಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಕಾಶೀಬಾಯಿ ಬಹಳ ಹೊತ್ತು ಯೋಚಿಸಿದಳೆಂದು ಓಣಿಯ ಜನ ಇಂದಿಗೂ ಹೇಳುತ್ತಾರೆ. ಸುಳ್ಳು! ಸೆರಗು ಸೊಂಟಕ್ಕೆ ಸಿಕ್ಕಿಸುವಷ್ಟು ಹೊತ್ತೂ ಆಗಲಿಲ್ಲ.

“ಬಾ ನನ್ನ ಬಂಗಾರ, ಅಜ್ಜಿಗೊಂದು ಮುತ್ತು ಕೊಡು.”

ಹುಟ್ಟಿದಾಗಿನಿಂದ ಅಂಥ ಮಾತನ್ನು ಆ ಬಾಯಿಂದ ಕೇಳಿರದ ಕೂಸು ಕಣ್ಣರಳಿಸಿ ನೋಡಿತು, ಬಾಯಿ ತೆರೆಯಿತು. ಎಂಕಪ್ಪ ಬಲಗಡೆಯ ಹೊಳ್ಳೆ ಮುಚ್ಚಿದ. ಮೊದಲ ಸಲ ಊದಿದಾಗ ಕೂಸಿಗೆ ಕಚಗುಳಿಯಾಗಿ ನಕ್ಕುಬಿಟ್ಟಿತು. ಎರಡನೆಯ ಸಲಕ್ಕೆ ಕೀವು ಇಳಿದು ಇಬ್ಬರ ಮೋರೆಯೂ ಹೊಲಸಾಯಿತು. “ಸರದೈತ್ರಿ, ಸರದೈತಿ! ಇನ್ನೊಂದು” ಎಂದ ಎಂಕಪ್ಪ. ಮೂರನೆಯದಕ್ಕೆ ಏನೋ ಟಪ್ಪೆಂದು ಕಾಶೀಬಾಯಿಯ ಕೆನ್ನೆಗೆ ಬಡಿದು ನೆಲಕ್ಕೆ ಬಿತ್ತು. ಉಬ್ಬಿ ಸಿಪ್ಪೆ ಬಿರಿದ ಕಡಲೆ.

ಎಂಕಪ್ಪ ಎರಡೂ ಹೊಳ್ಳೆಗಳನ್ನು, ಕಿವಿಗಳನ್ನೂ ಇನ್ನೊಮ್ಮೆ ನೋಡಿ, ಬೇರೇನೂ ಇಲ್ಲವೆಂದು ತಲೆಯಾಡಿಸಿದ. ಕೂಸು ಮೂಗಿನಿಂದ ಉದ್ದಕ್ಕೆ ಒಂದು ಉಸಿರೆಳೆಯಿತು. ನೆಲದ ಮೇಲಿನ ಕಡಲೆ ಕಂಡದ್ದೇ ಅಳುದನಿ ತೆಗೆಯಿತು.

“ಅಜ್ಜೀ, ನಾ ತಿಂದಿಲ್ಲ. ಖರೇನೂ ತಿಂದಿಲ್ಲ. ಎಲ್ಲಾ ಗುಬ್ಬಿಗೆ ಹಾಕ್ದೆ. ಒಂದೇ ಇಟ್ಕೊಂಡಿದ್ದೆ, ವ್ರತಾ ಮುಗದಮ್ಯಾಲೆ ತಿನ್ನಲಿಕ್ಕೆ. ಕೈಯಾಗಿದ್ರ ನೀ ನೋಡ್ತಿದ್ದಿ.”

ಕಾಶೀಬಾಯಿ ದವಾಖಾನೆಯ ನೆಲದ ಮೇಲೆ ಕುಸಿದು ಕೂತಳು. ಮಗ ಊರು ಬಿಟ್ಟಾಗ, ಸೊಸೆ ಸತ್ತಾಗ ನಾಲ್ಕು ಜನರೆದುರು ಕಣ್ಣೀರು ಹಾಕದ ಹೆಂಗಸು ಬಾಯಿ ಬಿಟ್ಟು ಅತ್ತಳು. ಸಾಕಾಗುವಷ್ಟು ಅತ್ತು ಮುಖ ಒರೆಸಿಕೊಂಡು, ಪೆಂಟಮ್ಮನ ಕಡೆ ಕೈ ಚಾಚಿದಳು.

“ಇನ್ನೂ ಅದಾವೇನ, ಕಡ್ಲಿ?”

ಪೆಂಟಮ್ಮ ಹೆದರುತ್ತಲೇ ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ಕೊಟ್ಟಳು. ಕಾಶೀಬಾಯಿ ಒಂದನ್ನು ಮೊಮ್ಮಗಳ ಬಾಯಿಗೆ ಹಿಡಿದು, “ತಿನ್ನು ನನ್ನವ್ವಾ” ಎಂದಳು. ಕೂಸು ತುಟಿ ಬಿಗಿಹಿಡಿದು ತಲೆಯಲ್ಲಾಡಿಸಿತು. ಮತ್ತೆ ಹೇಳಿದಳು, ರಮಿಸಿದಳು, ಊಹೂಂ. ಆ ಎರಡು ಕಣ್ಣು ಅಜ್ಜಿಯ ಮುಖವನ್ನೇ ನೋಡುತ್ತಿದ್ದವು.

ಕಾಶೀಬಾಯಿ ಆ ಕಾಳನ್ನು ತನ್ನ ಹಲ್ಲಿಗಿಟ್ಟು ಕಡಿದಳು. ಅರ್ಧ ತಾನು ಜಗಿದು ನುಂಗಿ, ಉಳಿದರ್ಧವನ್ನು ಮುಂದೆ ಹಿಡಿದಳು. ಆಗ ಕೂಸು ಬಾಯಿ ತೆರೆಯಿತು.