ಅಂಚಿನ ತಗ್ಗು

ಈ ಸಲವೂ ಖಾಲಿ ತೋಟಾ ಹೊರಗೆ ಬರಲಿಲ್ಲ. ಗುಂಡು ಹಾರಿತ್ತು, ಕವಚವನ್ನು ಹೊರಗೆಳೆಯಬೇಕಾದ ಬೋಲ್ಟು ಹಿಂದಕ್ಕೆ ಸರಿದಿತ್ತು. ಹಿತ್ತಾಳೆಯ ಕವಚ ಮಾತ್ರ ರೈಫಲ್ಲಿನ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಆ ಪುಟ್ಟ ಗೂಡಿನಲ್ಲಿ, ಹಟ ಹಿಡಿದು ಕೂತಿತ್ತು. ತಂಗಿ ಅದನ್ನು ಹಾಗೇ ತಂದು ರಿಪೇರಿ ಕೋಣೆಯ ಮೇಜಿನ ಮೇಲಿಟ್ಟಳು.

"ನೋಡಿದ್ರಲ್ಲ ಮಾಮಾ, ನನ್ನ ಕೈಗುಣಾನೇ ಇಷ್ಟು."

ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವವನಿಗೆ ಎಲ್ಲರೂ 'ಮೌನಿ' ಎಂದು ಹೆಸರಿಟ್ಟಿದ್ದರು. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೆ. ನಳಿಗೆಯ ತುದಿಯಿಂದ ಸರಳು ತೂರಿಸಿ ಕವಚವನ್ನು ಹೊರಗೆ ತಳ್ಳುವಷ್ಟರಲ್ಲಿ ಅವನು ತನ್ನ ಮಂಡಿನೋವು, ಸೊಸೆಯ ಅಡುಗೆ, ಕ್ಲಬ್ಬಿನ ಸೋರುವ ನಲ್ಲಿ ಎಲ್ಲವನ್ನೂ ಮುಗಿಸಿದ್ದ. ಅಕ್ಕ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಹೂಂಗುಟ್ಟುತ್ತಿದ್ದಳು.

ರೈಫಲ್ಲು ಅಕ್ಕನದು. ಒಂದು ಕಾಲಕ್ಕೆ ಅವಳು ಮಲಗಿ ಗುರಿ ಇಟ್ಟಳೆಂದರೆ ಪಕ್ಕದವರು ತಮ್ಮ ಗುರಿ ಮರೆತು ನೋಡುತ್ತಿದ್ದರು. ಅಮ್ಮ ಹಾಸಿಗೆ ಹಿಡಿದ ಮೇಲೆ ಅಕ್ಕ, ಮಲಗಿ ಮಲಗಿ ನನ್ನ ಮೊಣಕೈ ಸವೆದುಹೋಯಿತು, ಇನ್ನು ನೀನು ಮಲಗು ಎಂದು ನಗುತ್ತ ಅದನ್ನು ತಂಗಿಯ ಕೈಗಿಟ್ಟಿದ್ದಳು. ಆ ನಗುವನ್ನು ಮನೆಯವರೆಲ್ಲ ನಂಬಿದರು. ನಂಬುವುದು ಅವರಿಗೆ ಅನುಕೂಲವೂ ಆಗಿತ್ತು.

ಈಗ ಬರುವ ವಾರವೇ ಆಯ್ಕೆಯ ಪಂದ್ಯ. ಅಕ್ಕನ ರೈಫಲ್ಲನ್ನು ತಾನು ಹಾಳು ಮಾಡಿದೆ, ತನಗೆ ಇದು ಹೇಳಿದ್ದಲ್ಲ, ಪಂದ್ಯಕ್ಕೆ ಹೋಗುವುದೇ ಇಲ್ಲ ಎಂದು ತಂಗಿ ಅನ್ನ ಬಿಟ್ಟು ಕೂತಿದ್ದಳು. ಅವಳಿಗೆ ಬುದ್ಧಿ ಹೇಳಲೆಂದೇ ಅಕ್ಕ ಅಮ್ಮನನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಇವತ್ತು ಜೊತೆಗೆ ಬಂದಿದ್ದಳು.

ಮೌನಿ ಸಣ್ಣ ದೀಪ ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಚೇಂಬರಿನ ಬಾಯಿಯನ್ನು ನೋಡಿದ. ನಲ್ಲಿಯ ಕಥೆ ಅರ್ಧಕ್ಕೇ ನಿಂತಿತು.

"ಖಾಲಿ ಇದ್ದಾಗ ಟ್ರಿಗರ್ ಎಳೀತೀಯೇನಮ್ಮ?"

ತಂಗಿ ಇಲ್ಲವೇ ಇಲ್ಲ ಎಂದಳು. ತೋಟಾ ಇಲ್ಲದೆ ಟ್ರಿಗರ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳಲ್ಲ. ಮೌನಿ ಅವಳನ್ನು ಕರೆದು ತೋರಿಸಿದ. ಟ್ರಿಗರ್ ಎಳೆದಾಗ ಮುನ್ನುಗ್ಗುವ ಪಿನ್ನು, ತೋಟಾ ಇದ್ದರೆ ಅದಕ್ಕೆ ಬಡಿಯುತ್ತದೆ, ಇಲ್ಲದಿದ್ದರೆ ಸೀದಾ ಚೇಂಬರಿನ ಅಂಚಿಗೆ. ಬಡಿದು ಬಡಿದು ಅಂಚು ತಗ್ಗಾಗಿತ್ತು. ತಗ್ಗಿನ ಲೋಹ ಒಳಗಡೆಗೆ ಉಬ್ಬಿ ತೋಟಾದ ಪಕ್ಕೆಯನ್ನು ಹಿಡಿಯುತ್ತಿತ್ತು.

"ಇದು ಒಂದೆರಡು ಏಟಿನ ಕೆಲಸ ಅಲ್ಲ," ಎಂದ. "ಯಾರೋ ದಿನಾ ಎಳೆದಿದಾರೆ."

ಯಾರೋ ಎನ್ನುವಾಗ ಅವನು ಯಾರ ಕಡೆಗೂ ನೋಡಲಿಲ್ಲ. ಅಕ್ಕ ಎದ್ದು ಬಂದು, ಮೊದಲೇ ಮಡಿಸಿಟ್ಟಿದ್ದ ಎಣ್ಣೆಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು. ತಂಗಿಯ ಕಣ್ಣು ಅವಳ ಮೊಣಕೈಗೆ ಬಿತ್ತು. ಅಲ್ಲಿ ಕೆಂಪಗೆ ಜಡ್ಡುಗಟ್ಟಿತ್ತು. ನೆಲ ಒರೆಸಿ ಹಾಗಾಯಿತು ಎಂದು ಅಕ್ಕ ಹೇಳುತ್ತಿದ್ದಳು. ನೆಲ ಒರೆಸಿದರೆ ಮಂಡಿ ಕೆಂಪಾಗುತ್ತದೆ, ಮೊಣಕೈ ಯಾಕೆ ಆಗುತ್ತದೆ ಎಂದು ಒಂದೇ ಮನೆಯಲ್ಲಿದ್ದೂ ತನಗೆ ಹೊಳೆಯಲಿಲ್ಲವಲ್ಲ!

"ಮಧ್ಯಾಹ್ನ ಅಮ್ಮನಿಗೆ ನಿದ್ದೆ ಹತ್ತುತ್ತಲ್ಲ, ಆಗ," ಎಂದಳು ಅಕ್ಕ. "ಗೋಡೆ ಮೇಲಿನ ಸ್ವಿಚ್ಚಿಗೆ ಗುರಿ ಇಡ್ತಿದ್ದೆ. ಟಕ್ ಅಂದ್ರೆ ಸಾಕು, ಅಷ್ಟಕ್ಕೇ ಎದ್ದು ಒಳಗಿಡ್ತಿದ್ದೆ. ಹಾಳಾಗುತ್ತೆ ಅಂತ ಗೊತ್ತಿತ್ತು ಕಣೇ. ನಾಳೆಯಿಂದ ಬೇಡ ಅನ್ಕೊಳ್ತಿದ್ದೆ."

ತಂಗಿಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ದಿನ ತನ್ನ ಕೈಯನ್ನು ತಾನೇ ಶಪಿಸಿಕೊಂಡಿದ್ದಳು, ಅಕ್ಕ ಎದುರಿಗೇ ಕೂತು ಸಮಾಧಾನ ಮಾಡಿದ್ದಳು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಟಕ್ ಎನ್ನುವ ಆ ಶಬ್ದ, ಮುಚ್ಚಿದ ಕೋಣೆ, ಆಚೆ ಅಮ್ಮನ ಗೊರಕೆ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು.

"ಅರದಿಂದ ಉಜ್ಜಿ ತೆಗೀತೀರಾ ಮಾಮಾ?" ಎಂದಷ್ಟೇ ಕೇಳಿದಳು.

"ಉಜ್ಜಬಾರದಮ್ಮ. ಉಜ್ಜಿದ್ರೆ ಆ ಲೋಹ ಹೋಗೇಬಿಡುತ್ತೆ. ಎಲ್ಲಿಂದ ಬಂತೋ ಅಲ್ಲಿಗೇ ಒತ್ತಬೇಕು."

ಅವನು ತುದಿ ಸಣ್ಣಗಾಗುತ್ತ ಹೋದ, ನುಣುಪಾದ ಉಕ್ಕಿನ ಕಡ್ಡಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಚೇಂಬರಿನೊಳಗೆ ಇಳಿಸಿದ. ಸ್ವಲ್ಪ ಒತ್ತಿ, ಸ್ವಲ್ಪ ತಿರುಗಿಸಿ, ಹೊರಗೆ ತೆಗೆದು ನೋಡಿ, ಮತ್ತೆ ಇಳಿಸಿದ. ಅವಸರ ಮಾಡಲಿಲ್ಲ, ಮಾತೂ ಆಡಲಿಲ್ಲ. ಕೊನೆಗೆ ಹಳೆಯ ಖಾಲಿ ಕವಚವೊಂದನ್ನು ಬೆರಳಿನಿಂದ ತಳ್ಳಿದ. ಅದು ತಡೆಯಿಲ್ಲದೆ ಒಳಗೆ ಹೋಯಿತು, ನಳಿಗೆ ಮೇಲೆತ್ತಿದರೆ ತಾನಾಗೇ ಜಾರಿ ಅವನ ಅಂಗೈಗೆ ಬಿತ್ತು. ಸಣ್ಣ ತಗ್ಗು ಉಳಿಯುತ್ತದೆ, ಅದರಿಂದ ಏನೂ ತೊಂದರೆಯಿಲ್ಲ, ಒಮ್ಮೆ ಹೊಡೆದು ನೋಡಿ ಎಂದ.

ಹೊರಗೆ ಗುಂಡು ಹೊಡೆಯುವ ಸಾಲಿನಲ್ಲಿ ತಂಗಿ ಚಾಪೆ ಹಾಸಿದಳು. ಹಾಸಿ, ಪಕ್ಕಕ್ಕೆ ಸರಿದು ನಿಂತಳು.

"ನೀನೇ ನೋಡು."

"ನಿನ್ನ ಪಂದ್ಯ ಕಣೇ. ಅಲ್ಲದೆ ಅಮ್ಮ ಏಳೋ ಹೊತ್ತಾಯ್ತು."

"ಪಂದ್ಯಕ್ಕೆ ನಾನು ಹೋಗ್ತೀನಿ. ನಾಳೆಯಿಂದ ಮಧ್ಯಾಹ್ನ ಅಮ್ಮನ ಹತ್ರಾನೂ ನಾನಿರ್ತೀನಿ. ಈಗ ಮಲಕ್ಕೋ."

ಅಕ್ಕ ಕೈಗಡಿಯಾರ ಬಿಚ್ಚಿ ತಂಗಿಗೆ ಕೊಟ್ಟು ಚಾಪೆಯ ಮೇಲೆ ಮಲಗಿದಳು. ಮೊಣಕೈಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಂಡವು. ಉಸಿರು ಒಳಗೆ ಹೋಯಿತು, ಅರ್ಧ ಹೊರಗೆ ಬಂದು ನಿಂತಿತು. ಗುಂಡು ಹಾರಿತು. ಬೋಲ್ಟು ಸರಿದದ್ದೇ ತಡ, ಕವಚ ಚಂಗನೆ ಹೊರಗೆ ಹಾರಿ ಸಿಮೆಂಟಿನ ಮೇಲೆ ಉರುಳುತ್ತ ತಂಗಿಯ ಕಾಲಿನ ಹತ್ತಿರ ನಿಂತಿತು. ಇನ್ನೂ ಬೆಚ್ಚಗಿತ್ತು.

ಮೌನಿ ದೂರದರ್ಶಕಕ್ಕೆ ಕಣ್ಣಿಟ್ಟು ಗುರಿಯ ಹಲಗೆಯನ್ನು ನೋಡಿದ. ಆಮೇಲೆ ತೋಟಾಗಳ ಡಬ್ಬಿಯನ್ನು ತಂಗಿಯ ಕಡೆಗೆ ಸರಿಸಿದ.

ಗುಂಡು ಎಲ್ಲಿ ತಾಗಿತು ಎಂದು ಅಕ್ಕ ಕೇಳಲಿಲ್ಲ. ಗುರಿಯ ಮೇಲಿಟ್ಟ ಕಣ್ಣು ತೆಗೆಯದೆ, ಬಲಗೈಯನ್ನು ಮಾತ್ರ ಪಕ್ಕಕ್ಕೆ ಚಾಚಿ, ಇನ್ನೊಂದು ತೋಟಾಕ್ಕಾಗಿ ಅಂಗೈ ತೆರೆದಳು.