ಶ್ರಾವಣದ ತತ್ತಿ

ಉಮಾದೇವಿಗೆ ಸಾಕುಸಾಕಾಗಿ ಹೋಗಿತ್ತು. ಸೇಡಂನ ಆ ಸಣ್ಣ ಲ್ಯಾಬಿನಲ್ಲಿ ಕೊಲೆಸ್ಟ್ರಾಲ್ ಕರಗಿಸುವ ಕಿಣ್ವವನ್ನು ಅಳೆಯುವವಳು ಅವಳೊಬ್ಬಳೇ. ಆಡಕಿ ಹಳ್ಳಿಯ ಸುಂದರಬಾಯಿಯ ಕೂಸಿನ ರಕ್ತದಲ್ಲಿ ಆ ಕಿಣ್ವ ಇಲ್ಲವೇ ಇಲ್ಲ ಎಂದು ಬಂದಿತ್ತು. ಸುಂದರಬಾಯಿಯ ಮೊದಲ ಮಗಳು ಹೀಗೆಯೇ ಹೊಟ್ಟೆ ಉಬ್ಬಿ, ಕುಡಿದ ಹಾಲಿನ ಕೊಬ್ಬು ಕರಗದೆ ತೀರಿಕೊಂಡಿದ್ದಳು. ಎರಡನೆಯದಕ್ಕೂ ಅದೇ ಎಂದು ಉಮಾದೇವಿ ಹೇಳಿದಳು. ಆ ತಾಯಿ ಅಳಲೂ ಇಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಸಮಾಧಾನವಾಗದೆ ಉಮಾದೇವಿ ಮರುದಿನ ತನ್ನದೇ ರಕ್ತ ತೆಗೆದು ಅದೇ ಪರೀಕ್ಷೆಗೆ ಹಾಕಿದಳು. ಅಯ್ಯೋ ಶಿವನೇ! ಗಟ್ಟಿಮುಟ್ಟಾಗಿ ಓಡಾಡುವ ಅವಳಲ್ಲೂ ಕಿಣ್ವ ಇಲ್ಲವೆಂದೇ ಬಂತು.

“ಸಿದ್ಧಲಿಂಗ, ಈ ಸಲ ಪರೀಕ್ಷಾದ ಕೊಬ್ಬಿನ ಮಿಶ್ರಣ ಹೆಂಗ ಮಾಡೀದಿ?”

“ಯಾವಾಗ್ಲೂ ಮಾಡ್ದಂಗೇ ಮಾಡೀನ್ರಿ ಮೇಡಂ,” ಎಂದ ಸಹಾಯಕ ಸಿದ್ಧಲಿಂಗ, ನೆಲ ನೋಡುತ್ತ. ಗದರಿಸಿದ ಮೇಲೆ ಬಾಯಿ ಬಿಟ್ಟ. “ಶ್ರಾವಣ ಅದ ನೋಡ್ರಿ. ಲಿಂಗ ಹಿಡಿಯೋ ಕೈಲೆ ತತ್ತಿ ಹೆಂಗ ಒಡೀಲಿ? ಸೋಯಾ ಲೆಸಿಥಿನ್ ಡಬ್ಬಿ ಇತ್ತು, ಅದನ್ನೇ ಹಾಕೀನಿ. ಎರಡೂ ಲೆಸಿಥಿನ್ನೇ ಅಲ್ಲೇನ್ರಿ?”

ಲೆಸಿಥಿನ್ ಎಂಬ ಕೊಬ್ಬು ತತ್ತಿಯಲ್ಲೂ ಇದೆ, ಸೋಯಾದಲ್ಲೂ ಇದೆ; ಹೆಸರಿಗೆ ಎರಡೂ ಒಂದೇ. ಆದರೆ ಈ ಕಿಣ್ವದ ಮುಂದೆ ಬರೀ ಕೊಲೆಸ್ಟ್ರಾಲ್ ಇಟ್ಟರೆ ಸಾಲದು. ಯಾವ ಕೊಬ್ಬಿನಲ್ಲಿ ಕಲಸಿ ಇಟ್ಟಿದ್ದಾರೆ ಎನ್ನುವುದೂ ಅದಕ್ಕೆ ಬೇಕು. ಆ ಲ್ಯಾಬಿನ ಪರೀಕ್ಷೆಯನ್ನು ಹೊಂದಿಸಿದ್ದೇ ತತ್ತಿಯ ಹಳದಿಯ ಲೆಸಿಥಿನ್ನಿಗೆ. ತಣ್ಣೀರಿನಲ್ಲಿ ನಾದಿದ ಜೋಳದ ಹಿಟ್ಟು ರೊಟ್ಟಿ ತಟ್ಟುವಾಗ ಹರಿದುಹೋಗುವಂತೆ, ಸೋಯಾ ಮಿಶ್ರಣದಲ್ಲಿ ಇಡೀ ಪರೀಕ್ಷೆ ಕೆಟ್ಟಿತ್ತು.

“ಹೇಳಿದ್ರ ನಾನೇ ಒಡೀತಿದ್ನಲ್ಲೋ! ಬಾಯಿಗಿ ಬೀಗ ಹಾಕ್ಕೊಂಡಿದ್ದೇನು?”

ಇನ್ನೂ ಬೈಯಲಿಕ್ಕೆ ಅವಳಿಗೆ ತ್ರಾಣವಿರಲಿಲ್ಲ. ಅಂಗಡಿಗೆ ಹೋಗಿ ತತ್ತಿ ತಂದು, ಹಳದಿ ಬೇರೆ ಮಾಡಿ, ಮೊದಲಿನಿಂದ ಎಲ್ಲವನ್ನೂ ಮಾಡಲು ಕುಳಿತಳು.

ಸಿದ್ಧಲಿಂಗನಿಗೆ ತಡೆಯಲಾಗಲಿಲ್ಲ. ಪಾಪ, ತಪ್ಪು ತೊಳೆದುಕೊಳ್ಳುವ ಅವಸರ. ಹೊರಗೆ ಹೋಗಿ ಆಡಕಿಗೆ ಫೋನು ಹಚ್ಚಿಯೇಬಿಟ್ಟ. “ಯವ್ವಾ, ಪರೀಕ್ಷಾನೇ ತಪ್ಪಾಗ್ಯಾದ. ಕೂಸಿಗಿ ಏನೂ ಆಗಿಲ್ಲ, ಚಿಂತಿ ಬಿಡು!”

ಸಂಜೆಗೆ ಉತ್ತರ ಬಂತು. ಉಮಾದೇವಿಯ ರಕ್ತದಲ್ಲಿ ಕಿಣ್ವ ಚೆನ್ನಾಗಿಯೇ ಇತ್ತು. ಕೂಸಿನ ಉಳಿದ ರಕ್ತದಲ್ಲಿ ಮಾತ್ರ ಇರಲಿಲ್ಲ. ತಿರುಗಿ ಮಾಡಿದಳು. ಆಗಲೂ ಇರಲಿಲ್ಲ.

ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಸುಂದರಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಪೇಢೆಯ ಡಬ್ಬಿ.

“ತಗೋರಿ ಅಕ್ಕೋರೆ, ಬಾಯಿ ಸಿಹಿ ಮಾಡ್ಕೋರಿ. ನಿಮ್ಮ ಹುಡುಗ ಫೋನ್ ಮಾಡಿದ್ದ. ಭಾಳ ದಿನಕ್ಕ ಮನ್ಯಾಗ ಎಲ್ಲರೂ ಹೊಟ್ಟಿ ತುಂಬ ಉಂಡೀವಿ.”

ಸಿದ್ಧಲಿಂಗ ಗೋಡೆಗೆ ಒರಗಿ ನಿಂತುಬಿಟ್ಟ. ಅವನು ಫೋನು ಮಾಡಿದ ಸಂಗತಿ ಉಮಾದೇವಿಗೆ ತಿಳಿದದ್ದೇ ಆಗ. ಅವನ ಕಡೆ ನೋಡದೆ ಆ ತಾಯಿಯ ಕೈ ಹಿಡಿದುಕೊಂಡಳು.

“ತಪ್ಪು ಆಗಿದ್ದು ಖರೇ ಅವ್ವಾ. ತಿದ್ದಿ ಮತ್ತ ನೋಡೀನಿ. ಕೂಸಿಂದು ಮೊದಲ ಬಂದಿದ್ದೇ ಬಂದದ.”

ಸುಂದರಬಾಯಿ ಡಬ್ಬಿಯ ಮುಚ್ಚಳ ಹಾಕಿದಳು. ಕೂಸು ಅವಳ ಮೂಗುತಿಗೆ ಕೈ ಚಾಚುತ್ತಿತ್ತು.

“ಎದಿ ಕಲ್ಲು ಮಾಡ್ಕೊಂಡು ಕುಂತಿದ್ದೆ ನಾ,” ಎಂದಳು. “ನಡುವ ಯಾಕ ನಗಿಸಿದ್ರಿ?”